ಟಿಟ್ಟಿಭದ ಸುತ್ತ ಸುಣ್ಣದ ಗೆರೆ

೨೨ ಮೇ ೨೦೦೨, ಬುಧವಾರ. ಕಣಕಟ್ಟೆ

ಎಂಥ ಪೆದ್ದ ನಾನು! ನಾಳೆ ಕೆರೆಯ ಹೂಳೆತ್ತಲು ಜೆಸಿಬಿ ಬರುತ್ತದೆ. ಸಂಜೆ ಬೈನಾಕ್ಯುಲರ್ ಹಿಡಿದು ಹಕ್ಕಿ ನೋಡುತ್ತಿದ್ದಾಗ, ಉಳಿದಿರುವ ಚೂರು ನೀರಿನ ಅಂಚಿನಲ್ಲೇ ಟಿಟ್ಟಿಭವೊಂದು ಮೊಟ್ಟೆಗಳ ಮೇಲೆ ಕೂತಿತ್ತು. ಗೂಡೆಂದರೆ ಬರೀ ನೆಲ. ಮೊಟ್ಟೆಗೂ ಮಣ್ಣಿನದೇ ಬಣ್ಣ. ಡ್ರೈವರ್ ಕಣ್ಣಿಗೆ ಬೀಳಲಿ, ಬಳಸಿಕೊಂಡು ಹೋಗಲಿ ಅಂತ ಸುತ್ತಲೂ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ ಬಂದೆ. ಹಕ್ಕಿ ನನ್ನ ತಲೆಯ ಮೇಲೆ ಹಾರಾಡುತ್ತ ಬೈದದ್ದೇ ಬೈದದ್ದು. ನನಗೋ ಏನೋ ಸಾಧಿಸಿದ ಖುಷಿ.

ರಾತ್ರಿ ಊಟ ಬಡಿಸುತ್ತ ಆಶಾ ಹೇಳಿದಳು: "ಹೂಳೆತ್ತಿಸೋ ಜವರಣ್ಣ ಬಂದಿದ್ರು ಕಣ್ರೀ. ಇಂಜಿನಿಯರ್ರು ಅಗೆಯೋ ಜಾಗಕ್ಕೆ ಸುಣ್ಣ ಹಾಕಿ ಹೋಗವ್ರೆ, ಬೆಳಿಗ್ಗೆ ಮೊದ್ಲು ಅಲ್ಲೇ ಶುರು ಅಂತಿದ್ರು. ಜೆಸಿಬಿ ತರೋಕೆ ಗಂಡಸಿ ಊರಿಗೆ ಹೋದ್ರು."

ಮುರಿದ ಮುದ್ದೆ ತಟ್ಟೆಯಲ್ಲೇ ಬಿಟ್ಟೆ. ಆ ಸುಣ್ಣ ಹಾಕಿದ್ದು ನಾನೇ, ಮೊಟ್ಟೆ ಉಳಿಸೋಕೆ ಅಂತ ಹೇಳಿದೆ.

"ಈಗ್ಲೇ ಹೋಗಿ ಅಳಿಸಿ ಬನ್ನಿ," ಅಂದಳು.

ಅಳಿಸಿದರೆ ಮೊಟ್ಟೆ ನನಗೂ ಕಾಣುವುದಿಲ್ಲ, ಡ್ರೈವರಿಗೂ ಕಾಣುವುದಿಲ್ಲ. ಹಾಗೇ ಬಿಟ್ಟರೆ ಮೊದಲ ಬಕೆಟ್ಟಿಗೇ ಹೋಯಿತು. ನಸುಕಿನಲ್ಲೇ ಹೋಗಿ ಗೆರೆಯೊಳಗೆ ನಾನೇ ನಿಂತುಬಿಡುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ.

ಆದರೆ ನಾನು ಅಲ್ಲಿ ನಿಂತಷ್ಟು ಹೊತ್ತೂ ತಾಯಿಹಕ್ಕಿ ಹತ್ತಿರ ಬರುವುದಿಲ್ಲ. ಈ ಮೇ ಬಿಸಿಲಿಗೆ ಮೊಟ್ಟೆ ಬೆಂದೇ ಹೋಗುತ್ತದೆ.