ಬಕೆಟ್ ಮನೆಯವರ ಮನವಿ

ಫೆಬ್ರವರಿ ೨೮, ೨೨೩೯
ಹುಲ್ಲೇಸಂದ್ರ ಕೆರೆ ಏರಿಯ ಮೇಲಿಂದ

ಶ್ರೀಮನ್ಮಹಾ ಬಕೆಟ್‌ಧಾರಕ, ಗಾಜಿನ ಪೆಟ್ಟಿಗೆಯ ಸಾರ್ವಭೌಮ, ಏಳು ತಲೆಮಾರಿನ ಬೈಗುಳಗಳ ಏಕಮಾತ್ರ ಒಡೆಯ, ನನ್ನ ಮುತ್ತಾತನ ಮುತ್ತಾತ ಮುನಿನಂಜಪ್ಪನವರ ದಿವ್ಯ ಸನ್ನಿಧಿಗೆ, ಇನ್ನೂ ಹುಟ್ಟಿರದ ಮುನಿತಾಯಿಯ ದೀರ್ಘದಂಡ ನಮಸ್ಕಾರಗಳು.

ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು. ನಿಮ್ಮ ಕಾಲದಲ್ಲಿ ಬಕೆಟ್ ಹಿಡಿಯುವುದೆಂದರೆ ದೊಡ್ಡವರನ್ನು ಹೊಗಳಿ ಕೆಲಸ ಮಾಡಿಸಿಕೊಳ್ಳುವುದಂತೆ. ನಮ್ಮಲ್ಲಿ ಹಾಗೆಂದರೆ ಊರು ಹಾಳು ಮಾಡುವುದು. ನಮ್ಮ ಮನೆಗೆ ಬಕೆಟ್ ಮನೆ ಎಂದೇ ಹೆಸರು. ಹೆಣ್ಣು ಕೇಳಲು ಬಂದವರು ಅದೊಂದನ್ನು ತಿಳಿದುಕೊಂಡು, ಕೊಟ್ಟ ಮಜ್ಜಿಗೆ ಕುಡಿದು, ಎದ್ದು ಹೋಗುತ್ತಾರೆ.

ಕಥೆ ತಮ್ಮದೇ. ಮೀನು ಸಾಕುವ ಪೆಟ್ಟಿಗೆಯ ಗಾಜಿಗೆ ಹಿಡಿದ ಪಾಚಿ ತಿನ್ನಲಿ ಎಂದು ಬೆರಳುದ್ದದ ಎರಡು ಮೀನು ತಂದಿರಿ. ಅಂಗಡಿಯವನು 'ಕ್ಲೀನರ್' ಎಂದ, ನಾವೂ ಹಾಗೇ ಕರೆಯುತ್ತೇವೆ. ಅವು ಮೊಳದುದ್ದ ಬೆಳೆದವು. ಬಕೆಟ್ಟಿನಲ್ಲಿ ತಂದು ಈ ಕೆರೆಗೆ ಸುರಿದಿರಿ. ಮನೆಗೆ ಹೋಗಿ ಹೆಂಡತಿಗೆ, "ಸಾಯ್ಸಕ್ಕೆ ಮನ್ಸು ಬರ್ಲಿಲ್ಲ ಕಣೆ" ಎಂದಿರಿ. ಆ ಮಾತು ಏಳು ತಲೆ ದಾಟಿ ಬಂದಿದೆ. ನಾನು ಬೀದಿಗಿಳಿದರೆ ಪಡ್ಡೆಗಳು ಮೂಗು ಹಿಡಿದುಕೊಂಡು ಅದನ್ನೇ ಹಾಡುತ್ತಾರೆ.

ಕ್ಲೀನರನ ಮೈಮೇಲೆ ಪೊರೆ ಇಲ್ಲ, ಮೂಳೆಯ ಹೆಂಚು ಹೊದಿಸಿದೆ. ಕೊಕ್ಕರೆಗೂ ಬೇಡ, ಕತ್ತಿಗೂ ಬೇಡ. ಬಾಯಿ ಹೊಟ್ಟೆಯ ಕಡೆಗಿದೆ, ಬಟ್ಟಲಿನಂತೆ ಕಲ್ಲಿಗೆ ಕಚ್ಚಿಕೊಂಡು ಪಾಚಿ ಕೆರೆಯುತ್ತದೆ. ನೀರು ಕೆಟ್ಟರೆ ಮೇಲೆ ಬಂದು ಗಾಳಿ ನುಂಗಿ ಹೊಟ್ಟೆಯಲ್ಲೇ ಉಸಿರಾಡುತ್ತದೆ. ಗಂಡು ಏರಿಯ ಮಣ್ಣಿನಲ್ಲಿ ತೋಳುದ್ದದ ಬಿಲ ತೋಡುತ್ತಾನೆ. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು ಹೊರಟುಹೋಗುತ್ತಾಳೆ. ಅಪ್ಪ ಮಾತ್ರ ಒಳಗೇ ಕೂತು ರೆಕ್ಕೆ ಬೀಸುತ್ತ ಮೊಟ್ಟೆಗಳಿಗೆ ನೀರು ಆಡಿಸುತ್ತಾನೆ. ಎಳೆದರೆ ರೆಕ್ಕೆಯ ಮುಳ್ಳು ಸೆಟೆಸಿ ಗೋಡೆಗೆ ಒತ್ತಿ ನಿಲ್ಲುತ್ತಾನೆ, ಬರುವುದಿಲ್ಲ.

ನಮ್ಮ ಅಕ್ಕಯ್ಯಮ್ಮತ್ತೆ ಈ ಕೆರೆಯ ನೀರುಗಂಟಿ. ನೀರು ಬಿಡುವುದು, ಏರಿ ಕಾಯುವುದು ಅವಳ ಪಾಲು. ಬೇಸಿಗೆಯಲ್ಲಿ ಅವಳ ಹಿಂದೆ ನಾನೂ ಏರಿ ತಡವುತ್ತೇನೆ, ಅಂದರೆ ಬಿಲ ಹುಡುಕಿ ಕೈ ಹಾಕಿ, ಮುಚ್ಚುಂಡೆ ತುರುಕುವುದು. ಮುಚ್ಚುಂಡೆಯೆಂದರೆ ಜೇಡಿಮಣ್ಣಿನ ಉಂಡೆ. ಒಂದು ಮುಚ್ಚಿದರೆ ಪಕ್ಕದಲ್ಲೇ ಇನ್ನೊಂದು ತೋಡುತ್ತಾನೆ. ಒಮ್ಮೆ ಅತ್ತೆಯ ಊಟದ ಡಬ್ಬಿಗೆ ಮುದ್ದೆಯ ಬದಲು ಮುಚ್ಚುಂಡೆ ಇಟ್ಟಿದ್ದೆ. ಅವಳು ಒಂದು ತುತ್ತು ಮುರಿದೂ ಬಿಟ್ಟಳು. ಬೈಯಲಿಲ್ಲ, ಡಬ್ಬಿ ಮುಚ್ಚಿ ಕೆಲಸಕ್ಕೆ ಎದ್ದಳು.

ಮೊನ್ನೆ ತೂಬಿನ ಹತ್ತಿರ, ಬಿಲಗಳಿಂದ ಟೊಳ್ಳಾಗಿದ್ದ ಏರಿ ಕುಸಿಯಿತು. ತಾನಾಗಿ ಒಡೆದರೆ ಕೆಳಗಿನ ಊರು ಕೊಚ್ಚಿಹೋಗುತ್ತದೆಂದು ಅವತ್ತೇ ತೂಬು ತೆಗೆದೆವು. ನಾಳೆ ಕೆರೆ ಬರಿದಾಗುತ್ತದೆ. ಊರೆಲ್ಲ ಎದ್ದು ಮೇಲಿನ ಕೆರೆಗೆ ಹೋಗುತ್ತಿದ್ದೇವೆ. ಅಲ್ಲಿ ಇನ್ನೂ ಕ್ಲೀನರ್ ಇಲ್ಲವಂತೆ, ನಮ್ಮ ಕೆರೆಯಲ್ಲಿ ಎಂದೋ ಅಳಿದ ಗೆಂಡೆ ಮೀನು ಇದೆಯಂತೆ. ಯಾರೂ ಅಳಲಿಲ್ಲ. ಅತ್ತೆ ಇವತ್ತೂ ಜೇಡಿ ಕಲಸುತ್ತಿದ್ದಳು.

"ಅತ್ತೆ, ನಾಳೆ ಬಿಟ್ಟೋಗೋ ಕೆರೆಗೆ ಯಾಕೆ ಉಂಡೆ?"

"ಕೈ ಸುಮ್ನಿರಲ್ಲ ಕಣೇ."

ನನಗೂ ಏನೂ ಅನ್ನಿಸಲಿಲ್ಲ. ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ, ಎದೆಗೆ.

ಆದ್ದರಿಂದ ಮಹಾಪ್ರಭುಗಳಲ್ಲಿ ವಿನಂತಿ. ಬಕೆಟ್ ಕೆಳಗಿಡಿ. ಮೀನು ಅಂಗಡಿಗೇ ವಾಪಸ್ ಕೊಡಿ, ಇಲ್ಲವೇ ಸಾರು ಮಾಡಿ, ಅದೂ ಆಗದಿದ್ದರೆ ಸ್ನಾನದ ಮನೆಯಲ್ಲಿ ಸಾಕಿಕೊಂಡು ನೀವೇ ಸ್ನಾನ ಬಿಡಿ. ಕೆರೆಗೆ ಮಾತ್ರ ಬೇಡ.

ಇಲ್ಲಿಗೆ ಮುಗಿಸಬೇಕಿತ್ತು. ಇವತ್ತು ಸಂಜೆ ತೂಬಿನ ಪಕ್ಕದ ಬಿಲದಲ್ಲಿ ಒಬ್ಬ ಅಪ್ಪನಿದ್ದ. ನೀರಿಳಿದು ಬಿಲದ ಬಾಯಿ ಒಣಗಿದ್ದರೂ ಕದಲಿರಲಿಲ್ಲ. ಕೈ ಹಾಕಿದೆ. ಮುಳ್ಳು ಸೆಟೆಸಲಿಲ್ಲ, ನನ್ನ ಬೆರಳಿಗೇ ಮೆಲ್ಲಗೆ ರೆಕ್ಕೆ ಬೀಸಿದ. ಮುಚ್ಚುಂಡೆ ಇನ್ನೊಂದು ಕೈಯಲ್ಲೇ ಇತ್ತು.

ಈಗ ಅವನು ಮೊಟ್ಟೆಗಳ ಸಮೇತ ನನ್ನ ಪಕ್ಕದ ಬಕೆಟ್ಟಿನಲ್ಲಿದ್ದಾನೆ. ನಾಳೆ ಗಾಡಿಯಲ್ಲಿ ನಮ್ಮ ಜೊತೆ ಮೇಲಿನ ಕೆರೆಗೆ ಬರುತ್ತಾನೆ. ಅತ್ತೆ ಕೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಏಳು ತಲೆ ದಾಟಿ ಬಂದ ಮಾತು ಮನೆಯಲ್ಲೇ ಇತ್ತು, ತಾತ.