ಕುಂಬಳಕಾಯಿ ಕೊಯ್ದವಳು

ಹಲಸೂರು
1-11-1944

ಸರೋಜಳ ತಂದೆಯವರಿಗೆ ನಮಸ್ಕಾರ.

ನಿನ್ನೆ ಸಂಜೆ ಇಡೀ ಕುಂಬಳಕಾಯಿಯನ್ನು ನಾನೇ ಕೊಯ್ದೆ. ಪಕ್ಕದ ಮನೆಯ ಪಿಳ್ಳಪ್ಪ ಇದನ್ನು ನಿಮಗೆ ಬರೆಯುತ್ತಾನಂತೆ. ಅದಕ್ಕೆ ಮೊದಲೇ ನಾನು ತಿಳಿಸುತ್ತಿದ್ದೇನೆ.

ನಿನ್ನೆ ಇಂಗ್ಲಿಷರ ಹಾಲೋವೀನ್ ಹಬ್ಬ. ಕುಂಬಳಕಾಯಿಗೆ ಕಣ್ಣು, ಬಾಯಿ ಕೊರೆದು ಒಳಗೆ ದೀಪ ಇಡುತ್ತಾರೆಂದು ಮಿಷನ್ ಶಾಲೆಯ ಟೀಚರಮ್ಮ ಹೇಳಿದ್ದರಂತೆ, ಸರೋಜ ಹಟ ಹಿಡಿದಳು. ರೇಷನ್ ಸಾಲದೆ ದೀಪಾವಳಿಗೆ ಮಕ್ಕಳಿಗೆ ಏನೂ ಮಾಡಿರಲಿಲ್ಲ, ಒಪ್ಪಿದೆ. ಇಡೀ ಕಾಯಿಗೆ ಮೊದಲು ಗಂಡಸರೇ ಕತ್ತಿ ಹಾಕಬೇಕಲ್ಲ, ಪಿಳ್ಳಪ್ಪನನ್ನು ಕರೆದೆ. ಅವನು "ಇವತ್ತು ಈ ಮನೆಗೆ ನಾನೇ ಯಜಮಾನ" ಎಂದು ನಕ್ಕ.

ಅತ್ತೆ ಅವನ ಕೈಯಿಂದ ಕತ್ತಿ ತೆಗೆದು ನನಗೆ ಕೊಟ್ಟರು. "ಮಗ ಯುದ್ಧಕ್ಕೆ ಹೋದಾಗಿಂದ ಮನೆ ಎಳೀತಿರೋಳು ಇವಳು ಕಣಪ್ಪ. ಕಾಯಿ ಕೊಯ್ಯೋಕೆ ನೀನ್ಯಾಕೆ?"

ದೀಪ ಆರುವ ತನಕ ಎಲ್ಲರೂ ಬಾಗಿಲಲ್ಲೇ ಕೂತು, ಆ ತಿರುಳಿನದೇ ಹುಳಿಯಲ್ಲಿ ಮುದ್ದೆ ಉಂಡೆವು. ವಿಮಾನ ಕಾರ್ಖಾನೆಯ ಕೆಲಸಕ್ಕೆ ನಾನು ಹೋಗಕೂಡದೆಂದು ಅತ್ತೆ ಇಷ್ಟು ದಿನ ತಡೆದದ್ದು ನಿಮಗೆ ಗೊತ್ತಿದೆ. ಕೈ ತೊಳೆಯುತ್ತಾ ಅವರೇ ಕೇಳಿದರು: "ಆ ಕೆಲಸ ಇನ್ನೂ ಐತೇನೆ?"

"ಐತೆ ಅತ್ತೆ."

"ಹೋಗು. ಮಕ್ಕಳನ್ನ ನಾನು ನೋಡ್ಕೋತೀನಿ."

ನಿಮ್ಮ ಒಪ್ಪಿಗೆಯನ್ನು ಅವರ ಹೆಸರಿಗೇ ಬರೆಯಿರಿ, ಸಂತೋಷಪಡುತ್ತಾರೆ. ಸೋಮವಾರ ಬೆಳಿಗ್ಗೆ ನಾನು ಕೆಲಸಕ್ಕೆ ಸೇರುತ್ತೇನೆ.

ಇಂತಿ,
ಅಕ್ಕಯಮ್ಮ