ಡಂಗುರ ಸಾರದ ಊರು

ಕುರುಗೋಡು
ಜೂನ್ ೩, ಮಂಗಳವಾರ

ನನ್ನ ತಮ್ಮ ಎರ್ರಿಗೆ,

ಅಕ್ಕನ ಆಶೀರ್ವಾದಗಳು. ಹೇಗಿದ್ದೀಯಪ್ಪಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಲಾರಿ ಓಡಿಸಿ ಓಡಿಸಿ ಹಿಡಿದ ಆ ಸೊಂಟ ನೋವು ಇಳಿಯಿತಾ? ಅವ್ವ ಹೋದಾಗಿನಿಂದ ನೀನಂತೂ ಫೋನ್ ಎತ್ತುವುದಿಲ್ಲ. ನಿನ್ನ ಜೊತೆ ಲಾರಿಯಲ್ಲಿದ್ದ ಸಮ್ರಾಟ್ ಮೊನ್ನೆ ಸಿರುಗುಪ್ಪದ ರೈಸ್ ಮಿಲ್ಲಿಗೆ ಬಂದಿದ್ದ. ಹಿಡಿದು ಕೂರಿಸಿ, ಗೋಗರೆದು, ನಿನ್ನ ವಿಜಯವಾಡದ ವಿಳಾಸ ಬರೆಸಿಕೊಂಡೆ. "ಅಕ್ಕಾ, ನಾ ಕೊಟ್ಟೆ ಅಂತ ಹೇಳಬ್ಯಾಡ್ರಿ, ನನ್ನ ಕೊಂದೇ ಬಿಡ್ತಾನ" ಅಂದ. ನೋಡು, ಹೇಳಿಯೇಬಿಟ್ಟೆ. ಅವನ ಮೇಲೆ ರೇಗಬೇಡ. ಇಲ್ಲಿ ನಿಮ್ಮ ಭಾವನಿಗೆ ಮೊಣಕಾಲು ನೋವು, ನನಗೆ ಅಂಗನವಾಡಿ ಮಕ್ಕಳ ಗದ್ದಲ. ಹೇಗೋ ದಿನಗಳು ಹೋಗುತ್ತಿವೆ.

ನಿನ್ನೆ ಬಳ್ಳಾರಿಗೆ ಹೋಗಿದ್ದೆ. ಮಳೆಗಾಲಕ್ಕೆ ಏನೇನು ತಯಾರಿ ಮಾಡಿದ್ದೇವೆಂದು ಹೇಳಲು ಪಾಲಿಕೆ ಕಚೇರಿಯವರು ಅಲ್ಲಿ ನೀನೂ ಅವ್ವನೂ ಇದ್ದ ಓಣಿಯ ಜನರ ಸಭೆ ಕರೆದಿದ್ದರು. ನಿನ್ನ ಪಕ್ಕದ ಮನೆಯ ಮೀನಾಕ್ಷಿ "ಬರ್ರಿ ಸರೋಜಕ್ಕ, ನಾವು ಬಾಯಿ ಬಿಡದಿದ್ರ ಮತ್ಯಾರು ಬಿಡ್ತಾರ" ಎಂದು ಫೋನ್ ಮಾಡಿದ್ದಳು. ಸುಳ್ಳು ಹೇಳಬಾರದು, ದೊಡ್ಡ ಕಾಲುವೆಯ ಹೂಳು ಎತ್ತಿದ್ದಾರೆ. ಆದರೆ ಎತ್ತಿದ್ದನ್ನು ದಂಡೆಯ ಮೇಲೆಯೇ ಗುಡ್ಡೆ ಹಾಕಿದ್ದಾರೆ, ಒಣಗಿದ ಮೇಲೆ ಸಾಗಿಸುತ್ತಾರಂತೆ. ಹೋದ ವರ್ಷವೂ ಹೀಗೇ ಒಣಗಲು ಬಿಟ್ಟಿದ್ದರಲ್ಲ, ಮೊದಲ ಮಳೆಗೇ ಎಲ್ಲ ಮತ್ತೆ ಕಾಲುವೆಯ ಹೊಟ್ಟೆಗೆ ಹೋಗಿತ್ತು. ಸಭೆಯಲ್ಲಿ ದೋಣಿ ತೋರಿಸಿದರು, ಲೈಫ್ ಜಾಕೆಟ್ಟು ತೋರಿಸಿದರು, ಚಹಾ ಕೊಟ್ಟರು. ನಾನು ಎದ್ದು ನಿಂತು, ನೀರು ನುಗ್ಗುವ ಮೊದಲು ಮನೆಮನೆಗೆ ಬಂದು ಹೇಳುವವರು ಯಾರು ಅಂತ ಕೇಳಿದೆ. ಅಧಿಕಾರಿ ಕೆಟ್ಟ ಮನುಷ್ಯನಲ್ಲ. "ಅಮ್ಮಾ, ಹೊಳಿ ನೀರಾದ್ರ ಡ್ಯಾಮಿಂದ ಬಿಡ್ತಾರ, ಮೊದಲ ಗೊತ್ತಾಗತೈತಿ, ಹೇಳಸ್ತೀವಿ. ಮಳಿ ನಮ್ಮನ್ನ ಕೇಳಿ ಬರ್ತೈತೇನ್ರಿ?" ಅಂದರು. ಹಿಂದೆ ಕೂತವರು ನಕ್ಕರು. ನಾನು ಕೂತುಬಿಟ್ಟೆ.

ಹೊಳೆ ನೀರು ಬೇರೆ, ಮಳೆ ನೀರು ಬೇರೆ ಅಂತ ಅವ್ವನಿಗೆ ಯಾರು ಹೇಳಿಕೊಟ್ಟಿದ್ದರು, ಹೇಳು? ಸಿರುಗುಪ್ಪದ ಆಚೆ ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದ ಜೀವ. ಡ್ಯಾಮಿನ ಗೇಟು ತೆಗೆದಾಗಲೆಲ್ಲ ನಮ್ಮೂರಲ್ಲಿ ಡಂಗುರ ಸಾರುತ್ತಿದ್ದರು, ಆಮೇಲಾಮೇಲೆ ಮೈಕಿನ ಆಟೋ ಬರುತ್ತಿತ್ತು. ಕೇಳಿದೊಡನೆ ಅವ್ವ ಅಕ್ಕಿಯ ಚೀಲ ಅಟ್ಟಕ್ಕೇರಿಸಿ, ಕೋಳಿಗಳನ್ನು ಬುಟ್ಟಿಗೆ ಹಾಕಿ, ನಮ್ಮಿಬ್ಬರನ್ನೂ ಟ್ರ್ಯಾಕ್ಟರ್ ಹತ್ತಿಸಿ ಶಾಲೆಯ ಗಂಜಿ ಕೇಂದ್ರಕ್ಕೆ ಹೊರಡಿಸುತ್ತಿದ್ದಳು. ಅಲ್ಲಿ ಚಿತ್ರಾನ್ನಕ್ಕಾಗಿ ನೀನು ಮತ್ತೆ ಮತ್ತೆ ಸಾಲಿನಲ್ಲಿ ನಿಲ್ಲುತ್ತಿದ್ದೆ, ಕಳ್ಳ. ಡಂಗುರ ಸಾರದಿದ್ದರೆ ಅಂಗಳದಲ್ಲಿ ನೀರು ನಿಂತರೂ ಅವ್ವ ಮಿಸುಕುತ್ತಿರಲಿಲ್ಲ. "ಸರ್ಕಾರದೋರು ಹೇಳ್ತಾರ, ಹೇಳದ ಇರಂಗಿಲ್ಲ" ಅನ್ನುತ್ತಿದ್ದಳು. ಆ ನಂಬಿಕೆ ಅಲ್ಲಿ ಯಾವತ್ತೂ ಸುಳ್ಳಾಗಲಿಲ್ಲ. ವಯಸ್ಸಾದ ಮೇಲೆ ಆ ಓಡಾಟ ಬೇಡವೆಂದೇ ನೀನು ಅವಳನ್ನು ಬಳ್ಳಾರಿಗೆ ಕರೆತಂದೆ. ಬಳ್ಳಾರಿಯಲ್ಲಿ ಹೊಳೆ ಎಲ್ಲಿದೆ ಅಂತ ನಾನೂ ಖುಷಿಪಟ್ಟೆ. ಹೋದ ವರ್ಷ ಆ ಮಧ್ಯಾಹ್ನ ನೀನು ಅಕ್ಕಿಯ ಲೋಡು ಹಾಕಿಕೊಂಡು ಚೆನ್ನೈ ದಾರಿಯಲ್ಲಿದ್ದೆ. ಕಾಲುವೆ ಉಕ್ಕಿದಾಗ ಮೀನಾಕ್ಷಿ ಬಾಗಿಲಿಗೆ ಬಂದು, ಕೈಮುಗಿದು, ತಮ್ಮ ಮಾಳಿಗೆಗೆ ಕರೆದಳಂತೆ. ಅವ್ವ ಮಂಚದ ಮೇಲೆ ಕಾಲು ಮಡಿಚಿ ಕೂತು, "ಡಂಗುರ ಸಾರಿಲ್ಲಲ್ಲವ್ವಾ. ದೊಡ್ಡ ನೀರು ಬರಂಗಿದ್ರ ಹೇಳತಿದ್ರು. ನೀ ಹೋಗು, ಮಕ್ಕಳನ್ನ ನೋಡ್ಕೊ" ಅಂದಳಂತೆ. ಮೀನಾಕ್ಷಿ ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲುವೆಯ ಗೋಡೆ ಕುಸಿಯಿತು. ಇದನ್ನು ಹೇಳುವಾಗ ಅವಳು ಇವತ್ತಿಗೂ ಅಳುತ್ತಾಳೆ.

ಮಣ್ಣು ಮಾಡುವಾಗ ವಿರೂಪಾಕ್ಷಿ ಕಾಕಾ ಎಲ್ಲರೆದುರು "ಹಳ್ಳ್ಯಾಗ ಬಿಟ್ಟಿದ್ರ ಬದುಕತಿದ್ಲು" ಅಂದುಬಿಟ್ಟ. ಆ ಮಾತು ನಿನ್ನ ಎದೆಗೆ ನಾಟಿದ್ದು ನನಗೆ ಆಗಲೇ ಕಂಡಿತು. ಅವನ ಬಾಯಿಗೆ ಮಣ್ಣು ಬೀಳಲಿ. ತಾಯಿ ನೀರಿಗೆ ಹೆದರಬಾರದೆಂದು ಊರನ್ನೇ ಬಿಡಿಸಿ ತಂದ ಮಗ ನೀನು, ಅದರಲ್ಲಿ ತಪ್ಪೇನಿದೆ? ನನಗೆ ಸಿಟ್ಟಿರುವುದು, ಅಳಲು ನನ್ನೊಬ್ಬಳನ್ನೇ ಬಿಟ್ಟು ಹೋದೆಯಲ್ಲ, ಅದಕ್ಕೆ. ಶ್ರಾವಣ ಕಳೆದರೆ ಅವ್ವ ಹೋಗಿ ವರ್ಷವಾಗುತ್ತದೆ. ನೀನಿಲ್ಲದೆ ಅವಳಿಗೆ ಎಡೆ ಇಡಲು ನನ್ನ ಕೈ ಏಳುವುದಿಲ್ಲ.

ಇಲ್ಲಿನ ದೇವರು ದೊಡ್ಡಬಸಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ. ನಿಮ್ಮ ಭಾವ ಕೇಳಿದ್ದೇನೆಂದು ಬರೆ ಅಂದರು.

ನಿನ್ನ ಅಕ್ಕ,
ಸರೋಜಾ

ತಾ.ಕ.: ಅಂಚೆಯ ಹೊತ್ತಾಯಿತು, ಇಷ್ಟೊತ್ತೂ ಬರೆಯಲು ಧೈರ್ಯ ಸಾಲದೆ ಬಿಟ್ಟದ್ದನ್ನು ಬರೆಯುತ್ತಿದ್ದೇನೆ. ಸಮ್ರಾಟ್ ಇನ್ನೊಂದು ಮಾತು ಹೇಳಿದ. ನಿನ್ನ ರೂಮು ಕಾಲುವೆ ಪಕ್ಕದ ತಗ್ಗಿನಲ್ಲಿದೆಯಂತೆ, ಮೊನ್ನೆಯ ಅಡ್ಡಮಳೆಗೆ ನೀರು ಮಂಚದವರೆಗೆ ಬಂದಿತ್ತಂತೆ. ಎಲ್ಲರೂ ಖಾಲಿ ಮಾಡಿದರೂ ನೀನು ಮಾತ್ರ "ನಾ ಇಲ್ಲೇ ಇರ್ತೀನಿ, ಬಂದ್ರ ಬರ್ಲಿ" ಅಂದೆಯಂತೆ. ಯಾಕೆ ಹಾಗಂದೆ ಅಂತ ನನ್ನ ಬೆನ್ನಿಗೆ ಹುಟ್ಟಿದ ನಿನ್ನನ್ನು ಎತ್ತಿ ಆಡಿಸಿದ ನನಗೆ ಗೊತ್ತಾಗುವುದಿಲ್ಲವೇ ಎರ್ರಿ? ಅವ್ವನಿಗೆ ಹೇಳಬೇಕಾದವರು ಹೇಳಲಿಲ್ಲ. ನಿನಗೆ ನಾನು ಹೇಳುತ್ತಿದ್ದೇನೆ. ಎದ್ದು ಬಾ.